ಹುಲಿವೇಷದ ಊರಿನಲ್ಲಿ ಯುದ್ಧವಿಮಾನಗಳ ಬಣ್ಣ

ಶುಕ್ರವಾರ – ಬಜ್ಪೆಯಿಂದ ಉಡುಪಿಗೆ

ಅಷ್ಟಮಿಗೆ ಬನ್ನಿ ಅಂತ ಉಡುಪಿಯ ದೊಡ್ಡಪ್ಪ ಪ್ರತಿ ವರ್ಷ ಫೋನ್ ಮಾಡುತ್ತಾರೆ. ಈ ಸಲ ಹೊರಡೋಣ ಅಂತ ಹಟ ಹಿಡಿದವನು ನನ್ನ ಮಗ. ಅವನಿಗೆ ಹುಲಿವೇಷಕ್ಕಿಂತ ಜಾಸ್ತಿ ಅಜ್ಜನ ಹತ್ತಿರ ಕೆಲಸ ಇತ್ತು. ಹುಡುಗ ಹತ್ತನೇ ಕ್ಲಾಸು. ಪ್ಲಾಸ್ಟಿಕ್ ಕಿಟ್ ತಂದು ಹಳೇ ಯುದ್ಧವಿಮಾನಗಳ ಮಾಡೆಲ್ ಜೋಡಿಸುವ ಹುಚ್ಚು. ದೊಡ್ಡಪ್ಪ ವಾಯುಪಡೆಯಲ್ಲಿ ಇದ್ದವರು. ಹಾರಿಸಿದವರಲ್ಲ, ನೆಲದ ಮೇಲೆ ನಿಂತು ವಿಮಾನದ ಮೈ ರಿಪೇರಿ ಮಾಡಿದವರು. ತಗಡು ಕೂರಿಸುವುದು, ರಿವೆಟ್ ಹೊಡೆಯುವುದು, ಕೊನೆಗೆ ಬಣ್ಣ ಬಳಿಯುವುದು. ಪೈಲಟ್‌ಗಳ ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ. ವಿಮಾನದ ಮೇಲಿನ ಹುಲಿಯನ್ನು ಬರೆದವರ ಕಥೆ ಸಿಗುವುದು ಕಷ್ಟ.

ಬಜ್ಪೆಯಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಗುಡ್ಡದ ತಲೆ ಸಪಾಟು ಮಾಡಿ ಕಟ್ಟಿದ ಈ ನಿಲ್ದಾಣಕ್ಕೆ 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಡಕೋಟಾ ಅಂದ ಕೂಡಲೇ ಮಗನ ಬಾಯಿ ತೆರೆಯಿತು. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳೇ. ಅವುಗಳಲ್ಲಿ ಒಂದರ ನಂಬರು ವಿಪಿ 905. ಅದೇ ನಂಬರು ಹೊತ್ತ ಒಂದು ಡಕೋಟಾ 2018ರಲ್ಲಿ ನಮ್ಮ ವಾಯುಪಡೆಗೆ ಬಂತು. ಮೈ ಬೇರೆ ವಿಮಾನದ್ದು, ಬ್ರಿಟನ್ನಿನಲ್ಲಿ ರಿಪೇರಿ ಆದದ್ದು. ಬಾಲದಲ್ಲಿ ಬರೆದ ನಂಬರು ಮಾತ್ರ ಶ್ರೀನಗರದ್ದು. ಅದಕ್ಕೆ ಇಟ್ಟ ಹೆಸರು ಪರಶುರಾಮ. ಈ ಕರಾವಳಿಯೇ ಪರಶುರಾಮನ ಸೃಷ್ಟಿ ಅಂತ ನಂಬುವ ಊರಿಗೆ ಬಂದು ಇಳಿದಾಗಲೇ ಈ ಮಾತು ನೆನಪಾಗಬೇಕೇ!

ಅಲ್ಲಿಂದ ಕಾರಿನಲ್ಲಿ ಉಡುಪಿ. ಪಡುಬಿದ್ರಿ ದಾಟುವಾಗ ಮುಂದೆ ಹೋಗುತ್ತಿದ್ದ ಸ್ಕೂಟರ್ ಹಿಂದೆ ಫೆರಾರಿಯ ಕುದುರೆ ಸ್ಟಿಕ್ಕರ್ ಇತ್ತು. ಇಟಲಿಯ ಫ್ರಾಂಚೆಸ್ಕೊ ಬರಾಕ್ಕಾ ಮೊದಲ ಮಹಾಯುದ್ಧದಲ್ಲಿ ತನ್ನ ವಿಮಾನದ ಮೇಲೆ ಬರೆಸಿಕೊಂಡಿದ್ದ ಕುದುರೆ ಅದು. ಅವನು 1918ರಲ್ಲಿ ಸತ್ತ. 1923ರಲ್ಲಿ ಅವನ ತಾಯಿ ಎಂಜೊ ಫೆರಾರಿಗೆ, ನಿನ್ನ ಕಾರಿಗೆ ಹಾಕಿಕೋ, ಒಳ್ಳೆಯದಾಗುತ್ತದೆ ಅಂತ ಆ ಕುದುರೆ ಕೊಟ್ಟರಂತೆ. ಯುದ್ಧದ ಲಾಂಛನ ಪಡುಬಿದ್ರಿಯ ಸ್ಕೂಟರಿಗೆ ಬಂದು ಕೂತ ದಾರಿ ಇದು.

ಶನಿವಾರ – ಕೆಂಪು ಚುಕ್ಕೆ

ಬೆಳಗ್ಗೆ ನೀರ್ದೋಸೆ ಮುಗಿದದ್ದೇ ತಡ, ಜಗಲಿಯ ಮೇಜಿನ ಮೇಲೆ ಪೇಪರ್ ಹಾಸಿ ಅಜ್ಜ–ಮೊಮ್ಮಗ ಕೂತರು. ಮಗ ತಂದದ್ದು ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹರಿಕೇನ್‌ನ ಕಿಟ್. ಬೆಂಗಳೂರಿನಲ್ಲೇ ಅಂಟಿಸಿ, ಕಂದು–ಹಸಿರು ಬಣ್ಣ ಹೊಡೆದು ತಂದಿದ್ದ. ಉಳಿದದ್ದು ಗುರುತುಗಳು. ಡಬ್ಬಿಯಲ್ಲಿ ಬಂದ ಸ್ಟಿಕ್ಕರ್ ಹಾಳೆಯಲ್ಲಿ 1940ರ ಇಂಗ್ಲೆಂಡಿನ ವಿಮಾನದ ಗುರುತು ಇತ್ತು. ಹೊರಗೆ ಹಳದಿ, ಆಮೇಲೆ ನೀಲಿ, ಬಿಳಿ, ನಡುವೆ ಕೆಂಪು. ಮಗನಿಗೆ ಅದು ಬೇಡ. ಬರ್ಮಾ ಯುದ್ಧದಲ್ಲಿ ಹಾರಿದ ನಮ್ಮವರ ಹರಿಕೇನ್ ಬೇಕು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಮುನ್ನಡೆಸಿದ 1ನೇ ಸ್ಕ್ವಾಡ್ರನ್ನಿನದು, ಅಂದರೆ ವಾಯುಪಡೆಯ ಒಂದನೇ ತುಕಡಿಯದು.

ದೊಡ್ಡಪ್ಪ ಕನ್ನಡಕ ಏರಿಸಿ ಹಾಳೆ ನೋಡಿದರು.

"ಇದನ್ನು ಅಂಟಿಸಿ ಬರ್ಮಾಕ್ಕೆ ಕಳಿಸಿದ್ರೆ ನಮ್ಮವರೇ ಹೊಡೆದು ಬೀಳಿಸ್ತಾರೆ ಮಾರಾಯ."

ಅವರು ಹೇಳಿದ್ದು ತಮಾಷೆಗಲ್ಲ. ಜಪಾನಿನ ವಿಮಾನದ ರೆಕ್ಕೆಯ ಮೇಲೆ ಇದ್ದದ್ದು ದೊಡ್ಡ ಕೆಂಪು ಸೂರ್ಯ. ಗಂಟೆಗೆ ನೂರಾರು ಮೈಲು ವೇಗದಲ್ಲಿ ಹಾರುವಾಗ ಬ್ರಿಟಿಷ್ ಗುರುತಿನ ಉಳಿದ ಬಣ್ಣ ಯಾರಿಗೂ ಕಾಣುವುದಿಲ್ಲ, ನಡುವಿನ ಕೆಂಪು ಚುಕ್ಕೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅಮೆರಿಕದವರಿಗೂ ಅದೇ ಗೋಳು. ಅವರ ಬಿಳಿ ನಕ್ಷತ್ರದ ನಡುವೆಯೂ ಕೆಂಪು ಚುಕ್ಕೆ ಇತ್ತು. 1942ರ ಮೇ ತಿಂಗಳಲ್ಲಿ ಅದನ್ನು ತೆಗೆದುಹಾಕಿದರು. ಭಾರತ–ಬರ್ಮಾ ಕಡೆಯ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳಲ್ಲೂ ಕೆಂಪು ಹೋಯಿತು. ಹೊರಗೆ ಕಡು ನೀಲಿ, ಒಳಗೆ ತಿಳಿ ನೀಲಿ, ಅಷ್ಟೇ. ಒಳಗೆ ಬಿಳಿಯನ್ನೇ ಬಿಟ್ಟರೆ ಕಾಡಿನ ಹಸಿರಿನ ಮೇಲೆ ಎದ್ದು ಕಾಣುತ್ತದೆ, ಅದಕ್ಕೇ ಬಿಳಿಗೆ ನೀಲಿ ಬೆರೆಸಿದ್ದು.

ಗುರುತಿನ ಕಷ್ಟ ಪೂರ್ತಿ ಇಲ್ಲೇ ಇದೆ ಅಲ್ವಾ? ವೈರಿಗೆ ಕಾಣಬಾರದು, ನಮ್ಮವರಿಗೆ ಕಾಣಲೇಬೇಕು. ಎರಡೂ ಒಂದೇ ಮೈಮೇಲೆ ಆಗಬೇಕು. ವಿಮಾನ ಯುದ್ಧಕ್ಕೆ ಇಳಿದ ಮೊದಲ ವರ್ಷದಿಂದಲೂ ಈ ಜಗಳ ಮುಗಿದಿಲ್ಲ. 1914ರಲ್ಲಿ ಬ್ರಿಟಿಷರು ರೆಕ್ಕೆಯ ಕೆಳಗೆ ತಮ್ಮ ಯೂನಿಯನ್ ಜ್ಯಾಕ್ ಬಾವುಟವನ್ನೇ ಬಳಿದಿದ್ದರು. ನೆಲದಿಂದ ನೋಡಿದವರಿಗೆ ಅದರ ಅಡ್ಡ–ಉದ್ದ ಗೆರೆ ಜರ್ಮನಿಯ ಶಿಲುಬೆಯ ಹಾಗೆ ಕಂಡು, ಸ್ವಂತ ಸೈನಿಕರೇ ಗುಂಡು ಹಾರಿಸಿದರು. ಆಮೇಲೆ ಫ್ರೆಂಚರ ದುಂಡು ಗುರುತನ್ನು ತೆಗೆದುಕೊಂಡು, ಬಣ್ಣದ ಕ್ರಮ ತಿರುಗಿಸಿ ಹಾಕಿಕೊಂಡರು.

ಇನ್ನೊಂದು ಕಥೆ 1943ರ ಜುಲೈಯದು. ಸಿಸಿಲಿಯ ಮೇಲೆ ರಾತ್ರಿ ಪ್ಯಾರಾಶೂಟ್ ಪಡೆಯನ್ನು ಹೊತ್ತು ಹೋದ ಅಮೆರಿಕದ ಸಾಗಣೆ ವಿಮಾನಗಳಲ್ಲಿ 23 ವಾಪಸ್ ಬರಲಿಲ್ಲ. ಬಹಳಷ್ಟನ್ನು ಬೀಳಿಸಿದ್ದು ಅವರದೇ ಹಡಗು ಮತ್ತು ನೆಲದ ತೋಪುಗಳು. ಆ ಪಾಠ ಮರೆಯದೆ, ಮರುವರ್ಷ ನಾರ್ಮಂಡಿಗೆ ಇಳಿಯುವ ಮೊದಲು ರೆಕ್ಕೆಗೂ ಹಿಂಭಾಗಕ್ಕೂ ಬಿಳಿ–ಕಪ್ಪು ಪಟ್ಟೆ ಬಳಿದರು. ಬಿಳಿ ಮೂರು, ಕಪ್ಪು ಎರಡು. ಒಂದು ಎಂಜಿನ್ನಿನ ವಿಮಾನಕ್ಕೆ 18 ಇಂಚು ಅಗಲ, ಎರಡು ಎಂಜಿನ್ನಿನದಕ್ಕೆ 24 ಇಂಚು. ಗುಟ್ಟು ಬಯಲಾಗಬಾರದು ಅಂತ ಆದೇಶ ಕೊನೆ ಗಳಿಗೆಯಲ್ಲಿ ಬಂತು. ಸಾವಿರಾರು ವಿಮಾನ, ಕೈಯಲ್ಲಿ ಸಮಯ ಇಲ್ಲ. ಬ್ರಷ್ ಸಿಗದವರು ಪೊರಕೆಯಲ್ಲೇ ಬಳಿದರು. ಹಳೇ ಫೋಟೋಗಳಲ್ಲಿ ಆ ಪಟ್ಟೆಗಳ ಅಂಚು ಅಂಕುಡೊಂಕಾಗಿರುವುದು ಅದಕ್ಕೇ. ಮಾಡೆಲ್ ಮಾಡುವವರು ಮಾತ್ರ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ ಹೊಡೆಯುತ್ತಾರೆ. ದೊಡ್ಡಪ್ಪನಿಗೆ ಅದು ಕಂಡರೆ ಆಗುವುದಿಲ್ಲ.

"ಯುದ್ಧದಲ್ಲಿ ನೇರ ಗೆರೆ ಎಳೀಲಿಕ್ಕೆ ಪುರುಸೊತ್ತು ಯಾರಿಗೆ ಉಂಟು?"

ತಿಳಿ ನೀಲಿಯ ಗುರುತು ಹಾಳೆಯಲ್ಲಿ ಇಲ್ಲವಲ್ಲ, ಏನು ಮಾಡುವುದು? ದೊಡ್ಡಪ್ಪ ಒಳಗೆ ಹೋಗಿ ಪೇಪರಿಗೆ ತೂತು ಹಾಕುವ ಪಂಚಿಂಗ್ ಮಷೀನ್ ತಂದರು. ಬಣ್ಣದವರ ಅಂಟುಪಟ್ಟಿಯನ್ನು ಅದರಲ್ಲಿಟ್ಟು ಒತ್ತಿದರು. ದುಂಡಗೆ ತೂತು ಬಿತ್ತು. ಆ ಅಂಟುಪಟ್ಟಿಯನ್ನು ವಿಮಾನದ ಪಕ್ಕಕ್ಕೆ ಅಂಟಿಸಿ, ತೂತಿನೊಳಗೆ ಕಡು ನೀಲಿ ತುಂಬಿದರು. ನೋಡಿದರೆ ಅಳತೆ ಸರಿಯಾಗಿ ಕೂತಿತ್ತು. ಒಣಗಿದ ಮೇಲೆ ನಡುವೆ ಬೆಂಕಿಕಡ್ಡಿಯ ತುದಿಯಿಂದ ತಿಳಿ ನೀಲಿ ಇಡಬೇಕು.

ಒಣಗಿದ ಮೇಲೆ ಅಂದೆನಲ್ಲ, ಅದೇ ತೊಂದರೆ. ಶ್ರಾವಣದ ಉಡುಪಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಲ್ಯಾಕರ್ ಬಣ್ಣವಂತೂ ಗಾಳಿಯ ತೇವ ಕುಡಿದು ಬಿಳಿಚಿಕೊಳ್ಳುತ್ತದೆ. ಮಗ ಬಲರೆಕ್ಕೆಗೆ ಹೊಡೆದ ಬಣ್ಣ ಮಧ್ಯಾಹ್ನದ ಹೊತ್ತಿಗೆ ಬೂದಿ ಬಳಿದ ಹಾಗೆ ಕಂಡಿತು. ದೊಡ್ಡಮ್ಮನ ಹೇರ್ ಡ್ರೈಯರ್ ಹೊರಗೆ ಬಂತು. ಅಷ್ಟಮಿಯ ಚಕ್ಕುಲಿಗೆ ಹಿಟ್ಟು ಕಲಸುತ್ತಿದ್ದ ದೊಡ್ಡಮ್ಮ ಒಳಗಿನಿಂದಲೇ ಗೊಣಗಿದರು.

ಭಾನುವಾರ – ಅಷ್ಟಮಿ

ರಾತ್ರಿ ಚಂದ್ರ ಹುಟ್ಟಿ ಅರ್ಘ್ಯ ಕೊಡುವವರೆಗೆ ದೊಡ್ಡವರಿಗೆ ಉಪವಾಸ. ಮಕ್ಕಳಿಗೆ ವಿನಾಯಿತಿ. ಕೇದಗೆ ಎಲೆಯ ಕೊಟ್ಟೆಯಲ್ಲಿ ಬೇಯುವ ಮೂಡೆಯ ಪರಿಮಳ ಮನೆ ತುಂಬ. ಸಂಜೆ ಮಠದ ಕಡೆ ಒಂದು ಸುತ್ತು ಹೋಗಿ ಬಂದೆವು. ರಥಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಉಪವಾಸದ ದಿನ ದೊಡ್ಡಪ್ಪ ಜಾಸ್ತಿ ಮಾತಾಡುತ್ತಾರೆ ಅಂತ ದೊಡ್ಡಮ್ಮ ಮೊದಲೇ ಎಚ್ಚರಿಸಿದ್ದರು. ಮಗನ ಹತ್ತಿರ ಸ್ಕ್ವಾಡ್ರನ್ ಲಾಂಛನಗಳ ಚಿತ್ರ ಇದ್ದವು. ಚೌಕಟ್ಟು ಎಲ್ಲದಕ್ಕೂ ಒಂದೇ. ಮೇಲೆ ಅಶೋಕ ಸ್ತಂಭದ ಸಿಂಹ, ಕೆಳಗಿನ ಪಟ್ಟಿಯಲ್ಲಿ ಧ್ಯೇಯವಾಕ್ಯ. ನಡುವಿನ ಚಿತ್ರ ಮಾತ್ರ ಬೇರೆ ಬೇರೆ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ವಾಪಿಟಿ ವಿಮಾನಗಳ ಜೊತೆ ಶುರುವಾದ 1ನೇ ಸ್ಕ್ವಾಡ್ರನ್ನಿಗೆ ಹುಲಿ. 5ನೆಯದಕ್ಕೆ ಆನೆ. 7ನೆಯದಕ್ಕೆ ಯುದ್ಧದ ಕೊಡಲಿ. 17ನೆಯದಕ್ಕೆ ಬಾಣ, ರಫೇಲ್ ಮೊದಲು ಬಂದದ್ದು ಅವರಿಗೇ. 45ನೆಯದಕ್ಕೆ ಹಾರುವ ಕಠಾರಿ, 2016ರಲ್ಲಿ ತೇಜಸ್ ಮೊದಲು ಸಿಕ್ಕಿದ್ದು ಅವರಿಗೆ. ಮಗ ಪಾಠ ಒಪ್ಪಿಸುವ ಹಾಗೆ ಹೇಳುತ್ತಾ ಹೋದ. ದೊಡ್ಡಪ್ಪ ನಡುವೆ ನಿಲ್ಲಿಸಿದರು.

"ಇದೆಲ್ಲ ಶಾಂತಿಯ ಕಾಲದ್ದು. ಯುದ್ಧ ಬರ್ತದೆ ಅಂತ ಸುದ್ದಿ ಬಂದ ಕೂಡ್ಲೆ ನಾವು ಮೊದಲು ಅಳಿಸಿದ್ದು ಇದನ್ನೇ. ಗೊತ್ತುಂಟಾ?"

ಆಮೇಲಿನದು ಅವರ ಮಾತಿನಲ್ಲಿ ಕೇಳಿದ್ದು. ಅಲ್ಲಿಯವರೆಗೆ ಮಿಗ್–21 ವಿಮಾನಗಳು ಬಣ್ಣವಿಲ್ಲದೆ ಬೆಳ್ಳಗೆ ಮಿನುಗುತ್ತಿದ್ದವು. ಮೂಗಿನ ಪಕ್ಕದಲ್ಲಿ ಲಾಂಛನ. ಪ್ರತಿ ಶನಿವಾರ ಒರೆಸಿ ಹೊಳಪು ಬರಿಸುವುದು ಇವರ ಕೆಲಸ. 1971ರಲ್ಲಿ ಯುದ್ಧದ ಮೋಡ ಕವಿಯುತ್ತಿದ್ದಂತೆ, ಬಿಸಿಲಿಗೆ ಹೊಳೆಯುವ ವಿಮಾನ ಮೇಲಿನಿಂದ ಮೈಲು ದೂರಕ್ಕೆ ಕಾಣುತ್ತದೆ, ಮುಚ್ಚಿ ಅಂತ ಆದೇಶ. ಕಾರ್ಖಾನೆಗೆ ಕಳಿಸಿ ಬಣ್ಣ ಹೊಡೆಸುವ ಸಮಯ ಇಲ್ಲ. ಬೇಸ್‌ನಲ್ಲಿ ಸಿಕ್ಕಿದ ಹಸಿರು, ಸಿಕ್ಕಿದ ಕಂದು. ಕೆಲವರಿಗೆ ಸ್ಪ್ರೇ ಗನ್, ಕೆಲವರಿಗೆ ಬ್ರಷ್. ಹಾಗಾಗಿ ಒಂದು ಬೇಸ್‌ನ ಮಿಗ್ ಇನ್ನೊಂದರ ಹಾಗೆ ಇರಲಿಲ್ಲ. ಆ ವರ್ಷದ ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಇದು ಈಗಲೂ ಕಾಣುತ್ತದೆ.

ಲಾಂಛನ ಅಳಿಸಿದ್ದು ಯಾಕೆ ಅಂದರೆ, ಒಂದು ಫೋಟೋ ವೈರಿಯ ಕೈಗೆ ಸಿಕ್ಕರೂ ಯಾವ ಸ್ಕ್ವಾಡ್ರನ್ ಎಲ್ಲಿ ಬಂದು ಕೂತಿದೆ ಅಂತ ಲೆಕ್ಕ ಹಾಕಬಹುದು. ಉಳಿದದ್ದು ವಾಯುಪಡೆಯ ದುಂಡು ಗುರುತು ಮತ್ತು ಸೀರಿಯಲ್ ನಂಬರು. ಸೀರಿಯಲ್‌ನ ಮುಂದಿನ ಅಕ್ಷರ ನೋಡಿದರೆ ವಿಮಾನದ ಜಾತಿ ತಿಳಿಯುತ್ತದೆ. ಹಂಟರ್‌ಗೆ ಬಿಎ, ನ್ಯಾಟ್‌ಗೆ ಐಇ, ಕ್ಯಾನ್‌ಬೆರಾಗೆ ಐಎಫ್, ನಮ್ಮ ಎಚ್‌ಎಎಲ್‌ನ ಮಾರುತ್‌ಗೆ ಬಿಡಿ. ಸ್ಕ್ವಾಡ್ರನ್ ಯಾವುದು ಅಂತ ಮಾತ್ರ ಅದರಿಂದ ತಿಳಿಯುವುದಿಲ್ಲ.

"ನಾನೇ ಬರೆದ ಲಾಂಛನ, ನಾನೇ ಹಸಿರು ಬಳಿದು ಮುಚ್ಚಿದೆ. ಪೈಲಟ್ ಸಾಹೇಬ್ರು ಒಬ್ರು ಪಕ್ಕದಲ್ಲೇ ನಿಂತಿದ್ರು. ಒಂದು ಕೋಟ್ ಸಾಕಾ, ಕಾಣ್ತದಲ್ಲ ಇನ್ನೂ ಅಂದ್ರು. ಕಾಣ್ತಾ ಇತ್ತು ಹೌದು. ಹಳೇ ಬಣ್ಣದ ಅಂಚು ದಪ್ಪ ಇರ್ತದೆ, ಹಸಿರಿನ ಅಡಿಯಿಂದಲೂ ಮೂಡ್ತದೆ. ಮತ್ತೆ ಕೆರೆದು, ಪೇಪರ್ ಹಾಕಿ ತಿಕ್ಕಿ, ಇನ್ನೊಂದು ಕೋಟ್."

ಉಜ್ಜುವ ಕಾಗದದಿಂದ ತಿಕ್ಕುವುದು ಬರೀ ಚಂದಕ್ಕಲ್ಲ. ಬ್ರಷ್‌ನಲ್ಲಿ ಬಳಿದ ಬಣ್ಣ ಒರಟು. ಶಬ್ದದ ವೇಗದಲ್ಲಿ ಹೋಗುವ ವಿಮಾನಕ್ಕೆ ಆ ಒರಟೇ ಗಾಳಿಯಲ್ಲಿ ತಡೆ. ಬಣ್ಣಕ್ಕೂ ತೂಕ ಇದೆ. ಎಷ್ಟು ಕೋಟ್ ಬಳಿದರು, ಎಷ್ಟು ತಿಕ್ಕಿದರು ಅನ್ನುವುದು ಮೇಲೆ ಹೋದವನ ಜೀವದ ಪ್ರಶ್ನೆಯಾಗಬಹುದು. ಇದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

1971ರ ಡಿಸೆಂಬರ್ 14ರ ಮಾತು ಬಂದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. ಶ್ರೀನಗರದಲ್ಲಿ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ ಪಾಕಿಸ್ತಾನದ ಸೇಬರ್ ಜೆಟ್‌ಗಳ ಗುಂಪಿಗೆ ಎದುರಾಗಿ ಸತ್ತ ದಿನ ಅದು. ಅವರು ಹಾರಿಸಿದ್ದು 18ನೇ ಸ್ಕ್ವಾಡ್ರನ್ನಿನ ಪುಟ್ಟ ನ್ಯಾಟ್. ಸ್ಕ್ವಾಡ್ರನ್ನಿನ ಅಡ್ಡಹೆಸರು ಫ್ಲೈಯಿಂಗ್ ಬುಲೆಟ್ಸ್. ವಾಯುಪಡೆಗೆ ಸಿಕ್ಕ ಒಂದೇ ಒಂದು ಪರಮವೀರ ಚಕ್ರ ಅವರದ್ದು.

ರಾತ್ರಿ ಅರ್ಘ್ಯ ಆದ ಮೇಲೆ ಮೂಡೆ, ಕಡಲೆ ಗಸಿ. ಮಾತು ನಿಂತಿತು.

ಸೋಮವಾರ – ವಿಟ್ಲಪಿಂಡಿ

ದೊಡ್ಡಪ್ಪನಿಗೆ ಪರಿಚಯದ ಹುಲಿವೇಷದ ತಂಡ ಒಂದಿದೆ. ಬಣ್ಣ ಹಾಕುವುದನ್ನು ನೋಡಬೇಕಾದರೆ ನಸುಕಿನಲ್ಲೇ ಬರಬೇಕು ಅಂದಿದ್ದರು. ಹೋದಾಗ ಹಿಂದಿನ ರಾತ್ರಿ ಊದು ಇಟ್ಟ ಜಾಗದಲ್ಲಿ ಲೋಬಾನದ ವಾಸನೆ ಇನ್ನೂ ಇತ್ತು. ಹುಡುಗರು ಸಾಲಾಗಿ ಕೈ ಚಾಚಿ, ಕಟ್ಟಿದ ಬಿದಿರು ಹಿಡಿದು ನಿಂತಿದ್ದರು. ಕೈ ಇಳಿಸುವಂತಿಲ್ಲ, ಕಂಕುಳಿನ ಬಣ್ಣ ಕೆಡುತ್ತದೆ. ಮೊದಲು ಮೈಪೂರ್ತಿ ಹಳದಿ. ಈಗ ಅದಕ್ಕೆ ಕಂಪ್ರೆಸರ್, ಸ್ಪ್ರೇ ಗನ್. ಪಟ್ಟೆ ಮಾತ್ರ ಬ್ರಷ್‌ನಲ್ಲೇ. ಫ್ಯಾನ್ ಹಾಕಿದ್ದರೂ ಮಳೆಗಾಲದ ಗಾಳಿಗೆ ಹಳದಿ ಬೇಗ ಒಣಗದು. ಕಲಾವಿದ ಬೆರಳು ತಾಗಿಸಿ ನೋಡಿ, ಇನ್ನೊಬ್ಬನ ಕಡೆ ಹೋಗುತ್ತಿದ್ದ. ಮಗ ನನ್ನ ಮುಖ ನೋಡಿ ನಕ್ಕ. ಅವನ ರೆಕ್ಕೆಯ ಕಥೆಯೇ ಇದು.

ಒಬ್ಬ ಹುಡುಗನ ಹೊಟ್ಟೆಯ ಮೇಲೆ ಹುಲಿಯ ಮುಖ ಮೂಡುತ್ತಿತ್ತು. ಕಲಾವಿದ ಮೊದಲು ಹೊಕ್ಕುಳಿನ ಸುತ್ತ ಬಾಯಿ ಬರೆದ. ಆಮೇಲೆ ಹುಡುಗನಿಗೆ ಉಸಿರೆಳೆದು ಬಿಡಲು ಹೇಳಿದ. ಬಿಟ್ಟಾಗ ಬಾಯಿ ಮುಚ್ಚಿತು, ಎಳೆದಾಗ ತೆರೆಯಿತು. ಸರಿ ಅನ್ನಿಸಿದ ಮೇಲೇ ಕೋರೆಹಲ್ಲು.

"ಪಿ–40 ವಿಮಾನದಲ್ಲೂ ಹೀಗೇ ಮಾಡಿದ್ದು ಅಜ್ಜ!" ಅಂತ ಮಗ ಕೂಗಿದ. ಸುತ್ತಲಿನವರು ತಿರುಗಿ ನೋಡಿದರು.

ಹುಡುಗ ಹೇಳಿದ್ದು ಸರಿ. ಅಮೆರಿಕದ ಪಿ–40 ವಿಮಾನಕ್ಕೆ ಮೂಗಿನ ಕೆಳಗೆ ಗಾಳಿ ಒಳಹೋಗುವ ದೊಡ್ಡ ಬಾಯಿ ಇತ್ತು. ಅದರ ಸುತ್ತ ಹಲ್ಲು, ಮೇಲೊಂದು ಕಣ್ಣು ಬರೆದರೆ ಸಾಕು, ಶಾರ್ಕ್ ತಾನಾಗಿ ಹುಟ್ಟುತ್ತದೆ. ಬೇರೆ ವಿಮಾನಗಳ ಮೇಲೂ ಬರೆದಿದ್ದಾರೆ, ಇಷ್ಟು ಚೆನ್ನಾಗಿ ಕೂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದನ್ನು ಶುರು ಮಾಡಿದ್ದು ಜರ್ಮನ್ನರು, ತಮ್ಮ ಎರಡು ಎಂಜಿನ್ನಿನ ಮೆಸರ್‌ಸ್ಮಿಟ್ 110ರ ಮೇಲೆ. ಅದನ್ನು ನೋಡಿ 1941ರಲ್ಲಿ ಉತ್ತರ ಆಫ್ರಿಕಾದಲ್ಲಿದ್ದ ಬ್ರಿಟಿಷರ 112ನೇ ಸ್ಕ್ವಾಡ್ರನ್ ತಮ್ಮ ಪಿ–40ಗಳಿಗೆ ಬರೆದುಕೊಂಡಿತು. ಅವರ ಫೋಟೋ ಪತ್ರಿಕೆಯಲ್ಲಿ ನೋಡಿ ಬರ್ಮಾದಲ್ಲಿದ್ದ ಅಮೆರಿಕದ ಸ್ವಯಂಸೇವಕ ಪೈಲಟ್‌ಗಳು ಬರೆದುಕೊಂಡರು. ತಮಾಷೆ ಏನೆಂದರೆ, ಈ ಕೊನೆಯವರ ಹೆಸರು ಫ್ಲೈಯಿಂಗ್ ಟೈಗರ್ಸ್. ಹೆಸರು ಹುಲಿಯದು, ವಿಮಾನದ ಮೂತಿ ಶಾರ್ಕಿನದು! ಹುಲಿಯ ಲಾಂಛನ ಆಮೇಲೆ ಬಂತು. ಡಿಸ್ನಿ ಸ್ಟುಡಿಯೋದವರು ಬರೆದುಕೊಟ್ಟದ್ದು. ವಿಜಯದ ವಿ ಅಕ್ಷರದಿಂದ ಜಿಗಿಯುವ, ಬೆನ್ನಿಗೆ ಪುಟ್ಟ ರೆಕ್ಕೆ ಇರುವ ಹುಲಿಮರಿ. ನನ್ನ ಕಣ್ಣಿಗೆ ಅದು ಹೆದರಿಸುವ ಹುಲಿಯಲ್ಲ, ಮುದ್ದು ಬರುತ್ತದೆ.

ಹುಲಿಯ ಹುಚ್ಚು ಎಲ್ಲ ಕಡೆಯೂ ಇದೆ. ನಮ್ಮ ನೌಕಾಪಡೆಯ 300ನೇ ವಿಮಾನ ಸ್ಕ್ವಾಡ್ರನ್ನಿಗೆ ಬಿಳಿ ಹುಲಿ. 1971ರ ಡಿಸೆಂಬರ್ 4ರಂದು ವಿಕ್ರಾಂತ್ ಹಡಗಿನಿಂದ ಸೀ ಹಾಕ್ ವಿಮಾನಗಳಲ್ಲಿ ಹಾರಿ ಕಾಕ್ಸ್ ಬಜಾರಿಗೆ ದಾಳಿ ಮಾಡಿದವರು ಅವರು. ಯುರೋಪಿನಲ್ಲಿ ಹುಲಿ ಲಾಂಛನದ ಸ್ಕ್ವಾಡ್ರನ್‌ಗಳೆಲ್ಲ ಒಂದೆಡೆ ಸೇರುವ ರೂಢಿ 1961ರಲ್ಲಿ ಶುರುವಾಯಿತು. ಈಗ ಅಲ್ಲಿಗೆ ಬರುವ ಕೆಲವು ಜೆಟ್‌ಗಳಿಗೆ ಮೂತಿಯಿಂದ ಬಾಲದವರೆಗೆ ಪಟ್ಟೆ ಬಳಿದಿರುತ್ತಾರೆ. ಯುದ್ಧಕ್ಕೆ ಹೋಗುವುದಿಲ್ಲವಲ್ಲ, ಎಷ್ಟು ಬೇಕಾದರೂ ಮೆರೆಯಬಹುದು.

ತಾಸೆಯ ಪೆಟ್ಟು ಶುರುವಾಯಿತು. ಅಲ್ಲಿಂದಾಚೆ ಮಾತಿಗೆ ಜಾಗ ಇರಲಿಲ್ಲ. ರಥಬೀದಿಯಲ್ಲಿ ಮಣ್ಣಿನ ಕೃಷ್ಣನ ರಥ ಬಂತು, ಗೊಲ್ಲರು ಮೊಸರು ಕುಡಿಕೆ ಒಡೆದರು. ನಮ್ಮ ತಂಡದ ಹುಲಿಗಳನ್ನು ಆ ಜನಜಂಗುಳಿಯಲ್ಲೂ ದೊಡ್ಡಪ್ಪ ದೂರದಿಂದಲೇ ಗುರುತಿಸಿದರು. ಪಟ್ಟೆ ಬರೆದ ಕೈ ಯಾವುದು ಅಂತ ಗೊತ್ತಾಗುತ್ತದಂತೆ. ನನಗೆ ಎಲ್ಲವೂ ಹುಲಿ, ಅಷ್ಟೇ.

ಮಂಗಳವಾರ – ಮಲ್ಪೆ

ಸಂಜೆ ವಾಪಸ್ ಹೊರಡಬೇಕಿತ್ತು. ಬೆಳಗ್ಗೆ ಮಲ್ಪೆ ಬಂದರಿಗೆ ಹೋದೆವು. ಜೂನ್–ಜುಲೈಯ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು. ಆ ರಜೆಯಲ್ಲೇ ಬಣ್ಣ ಬಳಿಸುವುದು. ಹಾಗಾಗಿ ದೇವರ ಹೆಸರು, ರಿಜಿಸ್ಟ್ರೇಷನ್ ನಂಬರು ಎಲ್ಲ ಹೊಸದಾಗಿ ಹೊಳೆಯುತ್ತಿದ್ದವು. ಒಂದು ಬೋಟಿನ ನಂಬರಿನಲ್ಲಿ ಬಣ್ಣ ಸೋರಿ ಗೆರೆ ಇಳಿದಿತ್ತು. ದೊಡ್ಡಪ್ಪ ಅದರ ಮುಂದೆ ನಿಂತು, ಥಿನ್ನರ್ ಜಾಸ್ತಿಯಾಗಿದೆ ಅಂತ ತೀರ್ಪು ಕೊಟ್ಟರು. ಬೋಟಿನವನು ಕೇಳಿಸಿಕೊಂಡ. ಏನೂ ಹೇಳಲಿಲ್ಲ.

ಮನೆಗೆ ಬಂದು ಹರಿಕೇನ್‌ಗೆ ಕೊನೆಯ ಕೆಲಸ. ಸ್ಟೀಲ್ ತಟ್ಟೆಯಲ್ಲಿ ನೀರು, ಅದರಲ್ಲಿ ಸ್ಟಿಕ್ಕರ್ ಹಾಳೆಯಿಂದ ಕತ್ತರಿಸಿದ ಒಂದು ಅಕ್ಷರ. ಸ್ವಲ್ಪ ಹೊತ್ತಿಗೆ ಕಾಗದದಿಂದ ಸಡಿಲವಾಗಿ ತೇಲಿತು. ಮಗ ಅದನ್ನು ಬ್ರಷ್ ತುದಿಯಿಂದ ದೂಡಿ ವಿಮಾನದ ಪಕ್ಕಕ್ಕೆ ಕೂರಿಸಿದ. ಒಳಗೆ ಗಾಳಿಗುಳ್ಳೆ ಉಳಿಯಿತು. ದೊಡ್ಡಪ್ಪ ದೊಡ್ಡಮ್ಮನ ಹೊಲಿಗೆ ಡಬ್ಬಿಯಿಂದ ಸೂಜಿ ತಂದು ಚುಚ್ಚಿ, ಒದ್ದೆ ಬಟ್ಟೆಯಿಂದ ಒತ್ತಿದರು. ಗುಳ್ಳೆ ಹೋಯಿತು. ಸ್ಕ್ವಾಡ್ರನ್ ಯಾವುದು ಅಂತ ತೋರಿಸಲು ಒಂದು ಹುಲಿ ಬರೆದುಕೊಡಿ ಅಂತ ಮಗ ಗೋಗರೆದ. ದೊಡ್ಡಪ್ಪ ಒಪ್ಪಲಿಲ್ಲ. ಯುದ್ಧದ ವಿಮಾನ ಅಂದ ಮೇಲೆ ಅಕ್ಷರ, ದುಂಡು ಗುರುತು, ಸೀರಿಯಲ್ ನಂಬರು ಸಾಕು ಅಂದರು.

ಮುಂದಿನ ಕಿಟ್ ನ್ಯಾಟ್ ಅಂತೆ. ಏರ್‌ಫಿಕ್ಸ್ ಕಂಪನಿಯ ಹಳೇ ಕಿಟ್ ಸಿಗುತ್ತದೆ, ಬ್ರಿಟನ್ನಿನ ರೆಡ್ ಆರೋಸ್ ಅನ್ನುವ ವಿಮಾನ ಕಸರತ್ತಿನ ತಂಡದ ಕೆಂಪು ಬಣ್ಣದ್ದು. ಫೋನಿನಲ್ಲಿ ಡಬ್ಬಿಯ ಚಿತ್ರ ನೋಡಿ ದೊಡ್ಡಪ್ಪ ತಲೆ ಅಲ್ಲಾಡಿಸಿದರು.

"ಇದು ಎರಡು ಸೀಟಿನ ಟ್ರೈನರ್ ಅಲ್ವಾ! ಸೆಖೋನ್ ಸಾಹೇಬ್ರದ್ದು ಒಂದೇ ಸೀಟು, ಉದ್ದವೂ ಕಡಿಮೆ. ಬಣ್ಣದಿಂದ ಇದನ್ನು ಮುಚ್ಚಲಿಕ್ಕೆ ಆಗುದಿಲ್ಲ. ಬೇರೆ ಕಿಟ್ ಹುಡುಕು ಮಾರಾಯ. ಸಿಕ್ಕಿದ ಮೇಲೆ ಫೋನ್ ಮಾಡು, ಹಸಿರು ನಾನು ಕಲಸಿ ಕೊಡ್ತೇನೆ."